‘ಸ್ಟಾಫ್’ ಎಂದರೆ ಸಾಕೆ? ಕೊಯಮತ್ತೂರು ರೈಲುದಾರಿಯ ಒಂದು ಹಳೆಯ ಮರ್ಯಾದೆ

ರೈಲುಗಾಡಿಯಲ್ಲಿ ಪ್ರಯಾಣ ಮಾಡುವವರಲ್ಲಿ ಮೂರು ಬಗೆಯವರು ಉಂಟು. ಟಿಕೇಟು ಅಥವಾ ಪಾಸು ಇದ್ದವರು ಮೊದಲ ಬಗೆ. ಅವೆರಡೂ ಇಲ್ಲದೆ ಸಿಕ್ಕಿಬೀಳುವವರು ಎರಡನೆಯ ಬಗೆ. ಅವೆರಡೂ ಇಲ್ಲದೆಯೂ ಸಿಕ್ಕಿಬೀಳದವರು ಮೂರನೆಯ ಬಗೆ. ಈ ಮೂರನೆಯವರ ಕೈಯಲ್ಲಿ ಕಾಗದವಿಲ್ಲ. ಬಾಯಲ್ಲಿ ಒಂದು ಶಬ್ದ ಮಾತ್ರ ಇದೆ. ಅದು ‘ಸ್ಟಾಫ್’.

ಮಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ಗಾಡಿಗಳಲ್ಲಿಯೂ ಅಲ್ಲಿಂದ ಮುಂದೆ ತಿರುಪ್ಪೂರು, ಈರೋಡುಗಳ ಕಡೆಗೆ ಸಾಗುವ ಗಾಡಿಗಳಲ್ಲಿಯೂ ನಾವು ಈ ಶಬ್ದವನ್ನು ಹಲವು ಬಾರಿ ಕೇಳಿದ್ದೇವೆ. ಟಿಕೇಟು ತಪಾಸಣೆಯವರು ಬರುತ್ತಾರೆ. ಕಿಟಕಿಯ ಬಳಿ ಕುಳಿತವರು ತಲೆಯೆತ್ತಿ ‘ಸ್ಟಾಫ್ ಸಾರ್’ ಎನ್ನುತ್ತಾರೆ. ‘ಯಾವ ಡಿಪಾರ್ಟ್‌ಮೆಂಟು?’ ಎಂಬ ಒಂದು ಪ್ರಶ್ನೆ ಬಂದರೆ ಬಂತು, ಇಲ್ಲವಾದರೆ ಅದೂ ಇಲ್ಲ. ತಪಾಸಣೆಯವರು ತಲೆಯಾಡಿಸಿ ಮುಂದಿನ ಸೀಟಿಗೆ ಹೋಗುತ್ತಾರೆ. ಮುಂದಿನ ಸೀಟಿನಲ್ಲಿ ಬೇರೆ ಗಾಡಿಯ ಟಿಕೇಟು ಹಿಡಿದ ಒಬ್ಬ ಕೂಲಿಯಾಳು ಇದ್ದರೆ ಅವನಿಗೆ ದಂಡದ ರಸೀದಿ ಹರಿಯುತ್ತದೆ.

ಇದನ್ನು ಕಂಡು ಸಿಟ್ಟಾಗುವುದು ಸುಲಭ. ಆದರೆ ಈ ಮರ್ಯಾದೆ ಎಲ್ಲಿಂದ ಬಂತು, ಅದರಲ್ಲಿ ಒಳ್ಳೆಯದೇನು, ಕೆಟ್ಟದ್ದೇನು ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕಾಗಿದೆ. ಯಾಕೆಂದರೆ ರೈಲು ಮತ್ತೆ ಹಲವರ ಕೈಗೆ ಹಂಚಿಹೋಗುವ ಕಾಲ ಬಂದಿದೆ. ‘ನಮ್ಮವರು ಯಾರು?’ ಎಂಬ ಪ್ರಶ್ನೆಯನ್ನು ರೈಲಿನ ಕೆಲಸಗಾರರು ಮತ್ತೊಮ್ಮೆ ಕೇಳಿಕೊಳ್ಳಬೇಕಾಗಿದೆ.

ಕಂಪೆನಿಗಳ ಕಾಲ

ನಮ್ಮ ಜಿಲ್ಲೆಯವರಿಗೆ ಕೊಯಮತ್ತೂರು ಪರವೂರಲ್ಲ. ರೈಲಿನ ಲೆಕ್ಕದಲ್ಲಿ ಅದು ನಮ್ಮ ದೊಡ್ಡಮನೆ. ಮದ್ರಾಸ್ ರೈಲ್ವೆ ಕಂಪೆನಿಯವರು ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿಗೆ ಹಾಕಿದ ಹಳಿ 1862ರಲ್ಲಿ ಕೂಡಿಕೊಂಡಿತು. ಆ ದಾರಿ ಕೊಯಮತ್ತೂರು ಪೇಟೆಯನ್ನು ಮುಟ್ಟದೆ ಹತ್ತಿರದ ಪೋತನೂರಿನ ಮೂಲಕ ಬೇಪೂರಿಗೆ ಇಳಿಯುತ್ತಿತ್ತು. ಪೋತನೂರಿನಿಂದ ಕೊಯಮತ್ತೂರಿನ ಮೂಲಕ ಮೆಟ್ಟುಪಾಳಯಕ್ಕೆ ಕವಲುದಾರಿ ಬಂದುದು 1873ರಲ್ಲಿ. ಮೆಟ್ಟುಪಾಳಯದಿಂದ ಕೂನೂರಿಗೆ ಹಲ್ಲಿನ ಹಳಿಯ ಬೆಟ್ಟದ ರೈಲು ಏರಿದ್ದು 1899ರಲ್ಲಿ; ಅದನ್ನು ಕಟ್ಟಿದ್ದು ಬೇರೆಯೇ ಒಂದು ಕಂಪೆನಿ. ಕಾಸರಗೋಡಿನ ಮೂಲಕ ಮಂಗಳೂರಿಗೆ ರೈಲು ಮುಟ್ಟಿದ್ದು 1907ರಲ್ಲಿ.

ಮರುವರ್ಷವೇ, ಎಂದರೆ 1908ರಲ್ಲಿ, ಮದ್ರಾಸ್ ರೈಲ್ವೆ ಕಂಪೆನಿ ಇಲ್ಲವಾಯಿತು. ಅದರ ಆಸ್ತಿಯನ್ನು ಎರಡು ಪಾಲು ಮಾಡಿದರು. ಜೋಲಾರಪೇಟೆಯಿಂದ ಈಚೆ ಸೇಲಂ, ಈರೋಡು, ತಿರುಪ್ಪೂರು, ಪೋತನೂರು, ಶೊರನೂರು ಹಾದು ಮಂಗಳೂರಿನ ತನಕದ ದಾರಿ ತಿರುಚಿರಾಪಳ್ಳಿಯ ಸೌತ್ ಇಂಡಿಯನ್ ರೈಲ್ವೆ ಕಂಪೆನಿಯ ಪಾಲಿಗೆ ಬಂತು. ಜೋಲಾರಪೇಟೆಯಿಂದ ಆಚೆ ಮದರಾಸಿನ ದಾರಿಯೂ ಬೆಂಗಳೂರಿನ ದಾರಿಯೂ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಕಂಪೆನಿಗೆ ಹೋಯಿತು. ನಿನ್ನೆಯವರೆಗೆ ಒಂದೇ ಕಂಪೆನಿಯ ಅನ್ನ ಉಂಡವರು ಬೆಳಗಾಗುವಾಗ ಎರಡು ಕಂಪೆನಿಯವರಾದರು.

ತನ್ನ ನೌಕರನಿಗೆ ತನ್ನ ದಾರಿಯಲ್ಲಿ ಬಿಟ್ಟಿ ಪಾಸು ಕೊಡುವುದು ಯಾವ ಕಂಪೆನಿಗೂ ಕಷ್ಟವಲ್ಲ. ಗಾಡಿ ಹೇಗೂ ಓಡುತ್ತದೆ, ಸೀಟು ಹೇಗೂ ಇರುತ್ತದೆ. ನೆರೆಯ ಕಂಪೆನಿಯ ದಾರಿಯಲ್ಲಿ ಹೋಗಬೇಕಾದರೆ ನೆರೆಯವನ ಒಪ್ಪಿಗೆ ಬೇಕು. ರೈಲಿನವರ ಇಂಗ್ಲಿಷಿನಲ್ಲಿ ನೆರೆಯ ಕಂಪೆನಿಗೆ ‘ಫಾರಿನ್ ರೈಲ್ವೆ’ ಎಂದೇ ಹೆಸರಿತ್ತು. ತಿರುಪ್ಪೂರಿನ ಪಾಯಿಂಟ್ಸ್‌ಮನ್ನನಿಗೆ ಜೋಲಾರಪೇಟೆ ದಾಟಿದರೆ ಪರದೇಶ! ಕಂಪೆನಿಗಳೆಲ್ಲ ಸೇರಿ 20ನೇ ಶತಮಾನದ ಆರಂಭದಲ್ಲಿ ಇಂಡಿಯನ್ ರೈಲ್ವೆ ಕಾನ್ಫರೆನ್ಸ್ ಅಸೋಸಿಯೇಶನ್ ಎಂಬ ಕೂಟ ಮಾಡಿಕೊಂಡದ್ದು, ಒಬ್ಬರ ವ್ಯಾಗನ್ನು ಇನ್ನೊಬ್ಬರ ಹಳಿಯ ಮೇಲೆ ಓಡುವಾಗ ಬಾಡಿಗೆ ಎಷ್ಟು, ಮುರಿದರೆ ರಿಪೇರಿ ಯಾರದು ಎಂಬಂಥ ವ್ಯವಹಾರಗಳನ್ನು ಸರಿಪಡಿಸುವುದಕ್ಕೆ. ವ್ಯಾಗನ್ನಿನ ಹಾಗೆಯೇ ಮನುಷ್ಯನ ವಿಷಯವೂ: ನನ್ನವರಿಗೆ ನೀನು ಕೊಡು, ನಿನ್ನವರಿಗೆ ನಾನು ಕೊಡುತ್ತೇನೆ. ಕೊಡುಕೊಳ್ಳುವ ಈ ಲೆಕ್ಕವೇ ‘ಸ್ಟಾಫ್’ ಎಂಬ ಶಬ್ದದ ತಾಯಿಬೇರು.

ಆದರೆ ಕಾಗದದ ಲೆಕ್ಕ ಎಲ್ಲರಿಗೂ ಎಟಕುವುದಿಲ್ಲ. ದೊಡ್ಡ ಸಾಹೇಬರಿಗೆ ಪಾಸು ಬರೆದುಕೊಡಲು ಗುಮಾಸ್ತರಿದ್ದಾರೆ. ಅವ್ವನಿಗೆ ಜ್ವರವೆಂದು ರಾತ್ರಿ ತಂತಿ ಬಂದ ಗ್ಯಾಂಗ್‌ಮನ್ನನಿಗೆ ಪಾಸು ಬರೆಸಿಕೊಳ್ಳಲು ಸಮಯವೆಲ್ಲಿ? ಅಂಥವನನ್ನು ಗಾರ್ಡು ತನ್ನ ಡಬ್ಬಿಗೆ ಹತ್ತಿಸಿಕೊಳ್ಳುತ್ತಾನೆ. ಇಂದು ನೀನು, ನಾಳೆ ನಾನು. ಮಳೆಯಲ್ಲಿ ನೆನೆದು ಹಳಿ ಕಾಯುವ ಕೆಲಸದ ಕಷ್ಟವನ್ನು ಬಲ್ಲವನು ಅದೇ ಕೆಲಸದವನೇ. ಈ ಮರ್ಯಾದೆಯ ಹುಟ್ಟಿನಲ್ಲಿ ಕಳ್ಳತನಕ್ಕಿಂತ ಕನಿಕರವೇ ಹೆಚ್ಚೆಂದು ನಾವು ನಂಬುತ್ತೇವೆ.

ಒಂದಾದದ್ದು, ಪುನಃ ಪಾಲಾದದ್ದು

1944ರ ಎಪ್ರಿಲ್ 1ರಂದು ಸರಕಾರ ಈ ಎರಡೂ ಕಂಪೆನಿಗಳನ್ನು ತನ್ನ ಕೈಗೆ ತೆಗೆದುಕೊಂಡಿತು. 1951ರ ಎಪ್ರಿಲ್ 14ರಂದು ಅವೆರಡನ್ನೂ ಮೈಸೂರು ಸಂಸ್ಥಾನದ ರೈಲ್ವೆಯನ್ನೂ ಕೂಡಿಸಿ ದಕ್ಷಿಣ ರೈಲ್ವೆಯನ್ನು ಮಾಡಿದರು. ‘ಫಾರಿನ್’ ಎಂಬುದು ಹೋಯಿತು. ಹುಬ್ಬಳ್ಳಿಯವನೂ ಪೋತನೂರಿನವನೂ ಮಂಗಳೂರಿನವನೂ ಒಂದೇ ಮನೆಯವರಾದರು.

1956ರ ವರ್ಷವನ್ನು ನಾವು ಮರೆಯುವಂತಿಲ್ಲ. ಆ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ಅದೇ ದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ರೈಲಿನವರ ವಿಭಾಗ ಕಚೇರಿ ಪೋತನೂರಿನಿಂದ ಒಲವಕ್ಕೋಡಿಗೆ ಬಂತು. ಆದರೂ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಸ್ಟೇಶನ್ನುಗಳೂ ಕೊಯಮತ್ತೂರು, ತಿರುಪ್ಪೂರಿನ ಸ್ಟೇಶನ್ನುಗಳೂ ಮುಂದೆ ಐವತ್ತು ವರ್ಷ ಒಂದೇ ವಿಭಾಗದಲ್ಲಿದ್ದವು. ಸಂಬಳದ ಪಟ್ಟಿ ಒಂದು, ವರ್ಗಾವಣೆಯ ಪಟ್ಟಿ ಒಂದು. ಇಲ್ಲಿಯ ಹುಡುಗ ಅಲ್ಲಿ ಸಿಗ್ನಲ್ ಕಲಿತ, ಅಲ್ಲಿಯವರು ಇಲ್ಲಿ ಟಿಕೇಟು ಕೊಟ್ಟರು. ಕೊಯಮತ್ತೂರಿನ ಸುತ್ತ ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರರೂ ಒಕ್ಕಲಿಗರೂ ಇದ್ದಾರೆಂಬುದನ್ನು ನಮ್ಮವರಲ್ಲಿ ಕೆಲವರು ತಿಳಿದದ್ದೇ ರೈಲಿನ ವರ್ಗಾವಣೆಯಿಂದ.

2007ರಲ್ಲಿ ಈ ವಿಭಾಗವೂ ಪಾಲಾಯಿತು. ಕೊಯಮತ್ತೂರು, ಪೋತನೂರು, ಮೆಟ್ಟುಪಾಳಯ, ತಿರುಪ್ಪೂರು, ಈರೋಡುಗಳೆಲ್ಲ ಹೊಸದಾಗಿ ಹುಟ್ಟಿದ ಸೇಲಂ ವಿಭಾಗಕ್ಕೆ ಹೋದವು. ಪೊಳ್ಳಾಚಿ ಕೊಯಮತ್ತೂರು ಜಿಲ್ಲೆಯದಾದರೂ ಅಂದಿನ ಹಂಚಿಕೆಯಲ್ಲಿ ಪಾಲಕ್ಕಾಡಿಗೇ ಉಳಿಯಿತು. ಪಾಲಕ್ಕಾಡಿನವರು ಬಲವಾಗಿ ಪ್ರತಿಭಟಿಸಿದರು. ಎರಡು ವರ್ಷದ ಮೇಲೆ, 2009ರಲ್ಲಿ, ತಿರುಪ್ಪೂರೇ ಒಂದು ಪ್ರತ್ಯೇಕ ಜಿಲ್ಲೆಯಾಯಿತು.

ಇಷ್ಟೆಲ್ಲ ಗಡಿಗಳು ಬದಲಾದರೂ ಒಂದು ಮಾತ್ರ ಬದಲಾಗಲಿಲ್ಲ. ವಿಭಾಗ ಎರಡಾದರೂ ಪಾಸು ಎರಡಾಗಲಿಲ್ಲ. ಯಾಕೆಂದರೆ ಯಜಮಾನ ಒಬ್ಬನೇ. ಕೊಯಮತ್ತೂರಿನ ನೌಕರನ ಪಾಸು ಮಂಗಳೂರಿಗೂ ನಡೆಯುತ್ತದೆ, ದಿಲ್ಲಿಗೂ ನಡೆಯುತ್ತದೆ. ಯಜಮಾನ ಒಬ್ಬನಾಗಿರುವುದರ ಬೆಲೆ ಏನೆಂಬುದು ಅವನು ಇಬ್ಬರಾದಾಗಲೇ ತಿಳಿಯುವುದು.

ಪುಸ್ತಕದಲ್ಲಿ ಇರುವುದು

ರೈಲ್ವೆ ನೌಕರರ ಪಾಸಿನ ಬಗ್ಗೆ ಈಗ ನಡೆಯುವುದು 1986ರ ನಿಯಮಾವಳಿ. ಕೆಲಸದ ಮೇಲೆ ಹೋಗುವವನಿಗೆ ಡ್ಯೂಟಿ ಪಾಸು. ಮನೆಯವರ ಜತೆ ಊರಿಗೆ ಹೋಗುವುದಕ್ಕೆ ಪ್ರಿವಿಲೇಜ್ ಪಾಸು: ಸಾಮಾನ್ಯ ನೌಕರನಿಗೆ ಮೊದಲ ಐದು ವರ್ಷ ವರ್ಷಕ್ಕೆ ಒಂದು ಸೆಟ್, ಆ ಮೇಲೆ ವರ್ಷಕ್ಕೆ ಮೂರು ಸೆಟ್. ಅದು ಮುಗಿದರೆ ಪಿ.ಟಿ.ಓ. ಎಂಬ ಚೀಟಿ ವರ್ಷಕ್ಕೆ ನಾಲ್ಕು. ಅದರಲ್ಲಿ ಮೂರನೆಯ ಒಂದು ಪಾಲು ದರ ಕೊಟ್ಟರೆ ಸಾಕು. ಪರವೂರಿನಲ್ಲಿ ಓದುವ ಮಕ್ಕಳಿಗೆ ಸ್ಕೂಲ್ ಪಾಸು, ನಿವೃತ್ತರಿಗೆ ಒಂದು ಪಾಸು, ವಿಧವೆಯರಿಗೆ ಒಂದು ಪಾಸು. ಗುಮಾಸ್ತರ ಮೇಜಿನ ಮುಂದೆ ನಿಂತು ಬರೆಸಿಕೊಳ್ಳುತ್ತಿದ್ದ ಈ ಪಾಸು 2020ರಿಂದ ಗಣಕಯಂತ್ರದಲ್ಲಿ, ಕೈಯ ಫೋನಿನಲ್ಲಿ ಸಿಗುವಂತಾಗಿದೆ. ಅವಸರದವನಿಗೆ ಪಾಸು ಸಿಗುವುದಿಲ್ಲ ಎಂಬ ಹಳೆಯ ಸಮಾಧಾನ ಇದರಿಂದ ಅರ್ಧ ಬಿದ್ದುಹೋಯಿತು.

ಇಂಜಿನು ನಡೆಸುವವರ ವಿಷಯ ಬೇರೆ. ಒಂದು ಗಾಡಿಯನ್ನು ಮುಟ್ಟಿಸಿ ಇನ್ನೊಂದು ಗಾಡಿಯಲ್ಲಿ ಖಾಲಿ ಕೈಯಲ್ಲಿ ಹಿಂದೆ ಬರುವುದಕ್ಕೆ ‘ಸ್ಪೇರ್’ ಎನ್ನುತ್ತಾರೆ. ಅದು ಡ್ಯೂಟಿಯೇ ಹೊರತು ಸವಲತ್ತಲ್ಲ. ರಾತ್ರಿಯಿಡೀ ಕಣ್ಣು ಮುಚ್ಚದೆ ಗಾಡಿ ನಡೆಸಿದವರು ಕಿಟಕಿಗೆ ಒರಗಿ ತೂಕಡಿಸುತ್ತಿದ್ದರೆ ನಾವು ಅವರ ಮೇಲೆ ಅಸೂಯೆ ಪಡಬಾರದು.

ಇನ್ನು ಕಾನೂನು. 1989ರ ರೈಲ್ವೆ ಕಾಯಿದೆಯ 55ನೇ ಕಲಮಿನ ಪ್ರಕಾರ ಸರಿಯಾದ ಪಾಸಾಗಲಿ ಟಿಕೇಟಾಗಲಿ ಇಲ್ಲದೆ ಯಾರೂ ಪ್ರಯಾಣಿಕರಾಗಿ ಡಬ್ಬಿಯಲ್ಲಿ ಇರಕೂಡದು. ಅಧಿಕಾರವಿರುವ ರೈಲ್ವೆ ನೌಕರನ ಅನುಮತಿ ಪಡೆದು ಹತ್ತಬಹುದು ಎಂದು ಅದೇ ಕಲಮು ಒಂದು ಬಾಗಿಲನ್ನು ತೆರೆದಿಟ್ಟಿದೆ. ಆದರೆ ಆ ಅನುಮತಿ ಆಮೇಲೆ ದರ ಕೊಡುವ ಷರತ್ತಿನದು, ಸಾಮಾನ್ಯವಾಗಿ ಬರವಣಿಗೆಯಲ್ಲಿ ಇರುವಂಥದು. 138ನೇ ಕಲಮಿನ ಪ್ರಕಾರ ಪಾಸು, ಟಿಕೇಟು ಇಲ್ಲದವನು ದರದ ಜತೆಗೆ ಮತ್ತಷ್ಟೇ ಮೊತ್ತ, ಅಥವಾ 250 ರೂಪಾಯಿ, ಯಾವುದು ಹೆಚ್ಚೋ ಅದನ್ನು ಕೊಡಬೇಕು. ‘ಸ್ಟಾಫ್’ ಎಂಬ ಶಬ್ದ ಈ ಕಲಮುಗಳಲ್ಲಿ ಎಲ್ಲಿಯೂ ಇಲ್ಲ.

ಪುಸ್ತಕದಲ್ಲಿ ಇಲ್ಲದ್ದು

ಬರೆಯದ ಮರ್ಯಾದೆಗೆ ಒಂದು ದೋಷ ಉಂಟು. ಅದು ಬಲ ಇದ್ದವನ ಕಡೆಗೆ ವಾಲುತ್ತದೆ. ಗ್ಯಾಂಗ್‌ಮನ್ನನ ಕಷ್ಟಕ್ಕೆ ಹುಟ್ಟಿದ ಕನಿಕರ ಕಾಲಕ್ರಮದಲ್ಲಿ ಗುರುತಿನ ಚೀಟಿಯ ಬಣ್ಣಕ್ಕೆ ಬಗ್ಗುತ್ತದೆ. ಮೊದಲು ನೌಕರ, ಆ ಮೇಲೆ ನೌಕರನ ಭಾವ, ಆ ಮೇಲೆ ಬೇರೊಂದು ಇಲಾಖೆಯವ. ಖಾಲಿ ಸೀಟಿನಲ್ಲಿ ಕೂರುವ ಪದ್ಧತಿ ಹೋಗಿ, ರಿಸರ್ವೇಶನ್ನಿಗೆ ಕಾದು ಕುಳಿತವನ ಸೀಟೇ ಕೈತಪ್ಪುವ ಪದ್ಧತಿ ಬರುತ್ತದೆ.

ತಿರುಪ್ಪೂರಿನ ಸ್ಟೇಶನ್ನಿನಲ್ಲಿ ನಿಂತು ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಬನಿಯನ್ನು ಹೊಲಿಯುವ ಆ ಊರಿಗೆ ಬಿಹಾರ, ಝಾರ್ಖಂಡ, ಒಡಿಶಾಗಳಿಂದ ಬರುವ ಜನ ಧನ್‌ಬಾದ್–ಆಲಪ್ಪುಳ ಎಕ್ಸ್‌ಪ್ರೆಸ್ಸಿನಂಥ ಗಾಡಿಗಳ ಜನರಲ್ ಡಬ್ಬಿಯಲ್ಲಿ ಹಗಲು ರಾತ್ರಿ ಕಾಲೂರಲು ಜಾಗವಿಲ್ಲದೆ ಬರುತ್ತಾರೆ. ಪಾಯಿಖಾನೆಯ ಬಾಗಿಲಲ್ಲಿ ಮಗುವನ್ನು ಮಲಗಿಸಿ ಕುಳಿತ ತಾಯಂದಿರನ್ನು ನಾವು ಕಂಡಿದ್ದೇವೆ. ಅವರ ಕೈಯಲ್ಲಿ ಟಿಕೇಟು ಉಂಟು. ಅವರು ಹಣ ಕೊಟ್ಟವರು. ಅದೇ ಗಾಡಿಯ ಸ್ಲೀಪರಿನಲ್ಲಿ ಒಂದು ಶಬ್ದ ಆಡಿದವನು ಕಾಲು ಚಾಚಿ ಮಲಗಿರುತ್ತಾನೆ. ಇಬ್ಬರಲ್ಲಿ ಯಾರು ಯಾರ ಸಾಲವನ್ನು ತೀರಿಸುತ್ತಿದ್ದಾರೆ?

ನಮ್ಮೂರಿನ ಕಡೆಗೂ ಸ್ವಲ್ಪ ತಿರುಗೋಣ. ಇಲ್ಲಿಯ ಖಾಸಗಿ ಬಸ್ಸುಗಳಲ್ಲಿ ಒಂದು ಬಸ್ಸಿನ ಡ್ರೈವರನೋ ಕಂಡಕ್ಟರನೋ ಇನ್ನೊಂದು ಬಸ್ಸಿಗೆ ಹತ್ತಿದರೆ ಯಾರೂ ಟಿಕೇಟು ಕೇಳುವುದಿಲ್ಲ. ಮಾಲಕರು ಬೇರೆಯಾದರೂ, ಸಮಯದ ಬಗ್ಗೆ ನಿನ್ನೆ ಸಂಜೆ ತಾನೆ ಜಗಳವಾಡಿದ್ದರೂ, ಈ ಮರ್ಯಾದೆ ತಪ್ಪುವುದಿಲ್ಲ. ಚೆನ್ನಾಯಿತು. ಆದರೆ ಸರಕಾರವೇ ಬರೆದುಕೊಟ್ಟ ರಿಯಾಯಿತಿಯ ಕಾರ್ಡು ಹಿಡಿದ ಶಾಲೆಯ ಮಕ್ಕಳು ಮಳೆಯಲ್ಲಿ ನಿಂತು, ಉಳಿದವರೆಲ್ಲ ಹತ್ತಿದ ಮೇಲೆ, ಬಸ್ಸು ಹೊರಡುವ ಹೊತ್ತಿಗೆ ಹಾರಿ ಹತ್ತಬೇಕಾದುದನ್ನು ನಾವೆಲ್ಲ ನೋಡಿದವರೇ. ಬರೆಯದ ಸವಲತ್ತಿಗೆ ನಗುಮುಖ, ಬರೆದ ಹಕ್ಕಿಗೆ ಗಂಟುಮುಖ! ಮರ್ಯಾದೆ ಎಂಬುದು ತಮ್ಮವರಿಗೆ ಮಾತ್ರ ಮೀಸಲಾದರೆ ಅದು ಮರ್ಯಾದೆಯಾಗಿ ಉಳಿಯುವುದಿಲ್ಲ.

ಬರೆಯದ ಸವಲತ್ತು ಮುರಿದಾಗ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನಲ್ಲೇ ಉದಾಹರಣೆ ಇದೆ. 2024ರ ಮೇ ತಿಂಗಳಲ್ಲಿ ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯ ಬಳಿ ಸರಕಾರಿ ಬಸ್ಸಿನಲ್ಲಿ ಒಬ್ಬ ಪೋಲೀಸನು ಟಿಕೇಟು ತೆಗೆಯಲು ಒಪ್ಪಲಿಲ್ಲ. ಕಂಡಕ್ಟರನು ಬಿಡಲಿಲ್ಲ. ವಾರಂಟು ಇದ್ದರೆ ಮಾತ್ರ ಪೋಲೀಸರಿಗೆ ಬಿಟ್ಟಿ ಪ್ರಯಾಣ ಎಂದು ಸಾರಿಗೆಯವರು ಸಾರಿದರು. ಮರುದಿನದಿಂದ ಪೋಲೀಸರು ಸರಕಾರಿ ಬಸ್ಸುಗಳನ್ನು ನಿಲ್ಲಿಸಿ, ನಿಲ್ಲಿಸಬಾರದಲ್ಲಿ ನಿಲ್ಲಿಸಿದೆ, ಸೀಟು ಬೆಲ್ಟು ಹಾಕಿಲ್ಲ ಎಂದು ದಂಡ ಬರೆಯತೊಡಗಿದರು. ಕೊನೆಗೆ ದೊಡ್ಡವರು ಕೂಡಿ ಮಾತಾಡಿ ಇಬ್ಬರನ್ನೂ ಅಪ್ಪಿಸಿ ರಾಜಿ ಮಾಡಿಸಿದರು. ಎರಡು ಇಲಾಖೆಗಳ ನಡುವೆ ಕಾಗದದಲ್ಲಿ ಸ್ಪಷ್ಟವಿದ್ದುದು ಬಳಕೆಯಲ್ಲಿ ಮಸುಕಾಗಿತ್ತು. ಆ ಮಸುಕಿನ ಬೆಲೆಯನ್ನು ದಾರಿಯಲ್ಲಿ ಕಾಯುತ್ತಾ ನಿಂತ ಪ್ರಯಾಣಿಕರು ತೆತ್ತರು.

ವಿಲಾಯತಿಯ ಪಾಠ

ಒಬ್ಬ ಯಜಮಾನ ಹಲವರಾದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ನು ನಮಗಿಂತ ಮೊದಲೇ ನೋಡಿತು. ಅಲ್ಲಿ 1990ರ ದಶಕದಲ್ಲಿ ಸರಕಾರಿ ಬ್ರಿಟಿಷ್ ರೈಲನ್ನು ಒಡೆದು ಹತ್ತಾರು ಕಂಪೆನಿಗಳಿಗೆ ಹಂಚಿದರು. 1996ರ ಮಾರ್ಚ್ 31ರಂದು ಕೆಲಸದಲ್ಲಿದ್ದವರಿಗೆ ಹಳೆಯ ಪ್ರಯಾಣ ಸವಲತ್ತುಗಳನ್ನು ರಕ್ಷಿಸಿಕೊಟ್ಟರು. ಮರುದಿನದಿಂದ ಸೇರಿದವರಿಗೆ ಆ ರಕ್ಷಣೆ ಇಲ್ಲ. ಅವರ ಕಂಪೆನಿ ಕೊಟ್ಟಷ್ಟು ಮಾತ್ರ. ಒಂದೇ ಪ್ಲಾಟ್‌ಫಾರ್ಮಿನಲ್ಲಿ, ಒಂದೇ ಬಗೆಯ ಸಿಳ್ಳು ಊದುವ ಇಬ್ಬರು ಗಾರ್ಡುಗಳಲ್ಲಿ ಒಬ್ಬನಿಗೆ ದೇಶವೆಲ್ಲ ದಾರಿ, ಇನ್ನೊಬ್ಬನಿಗೆ ತನ್ನ ಕಂಪೆನಿಯ ಹಳಿಯಷ್ಟೇ.

ಈ ಕಂದರವನ್ನು ತುಂಬಲು ಕಂಪೆನಿಗಳ ನಡುವೆ ಮತ್ತೆ ಆ ಹಳೆಯ ಬಾಯಿಮಾತಿನ ಮರ್ಯಾದೆಯೇ ಹುಟ್ಟಿಕೊಂಡಿತು. ನಮ್ಮ ಗುರುತಿನ ಚೀಟಿ ತೋರಿಸಿದರೆ ನೀವು ಹತ್ತಿಸಿಕೊಳ್ಳಿ, ನಿಮ್ಮದನ್ನು ತೋರಿಸಿದರೆ ನಾವು ಹತ್ತಿಸಿಕೊಳ್ಳುತ್ತೇವೆ. ಆದರೆ ಬಾಯಿಮಾತಿನದಾದ್ದರಿಂದ ಅದು ಗಾರ್ಡಿನ ಮನಸ್ಸಿಗೆ ಬಿಟ್ಟದ್ದು. ಬ್ರಿಟನ್ನಿನ ಪಾಠ ಇಷ್ಟೇ: ಒಡೆಯುವಾಗ ಯಾರನ್ನು ಕಾಗದದ ಮೇಲೆ ಬರೆದರೋ ಅವರು ಉಳಿದರು, ಮುಂದೆ ಬರುವವರು ಇನ್ನೊಬ್ಬರ ದಯೆಗೆ ಬಿದ್ದರು.

ಕೊಯಮತ್ತೂರಿನ ಹೊಸ ಗೇಟು

ಈ ಪಾಠ ನಮಗೆ ಈಗ ಯಾಕೆ ಬೇಕು? ಯಾಕೆಂದರೆ ‘ಭಾರತ್ ಗೌರವ್’ ಯೋಜನೆಯಲ್ಲಿ ಖಾಸಗಿಯವರು ನಡೆಸಿದ ಮೊದಲ ಗಾಡಿ ಹೊರಟದ್ದು ಕೊಯಮತ್ತೂರು ಉತ್ತರ ಸ್ಟೇಶನ್ನಿನಿಂದಲೇ, 2022ರ ಜೂನ್ 14ರಂದು. ತಿರುಪ್ಪೂರು, ಈರೋಡು, ಸೇಲಂ ಹಾದು, ಯಲಹಂಕ, ಮಂತ್ರಾಲಯ ರೋಡ್ ದಾರಿಯಾಗಿ ಅದು ಶಿರಡಿಗೆ ಹೋಯಿತು. ಹಳಿ ಸರಕಾರದ್ದು, ಇಂಜಿನು ಸರಕಾರದ್ದು, ಅದನ್ನು ನಡೆಸಿದವರು ಸರಕಾರದ ನೌಕರರು. ಟಿಕೇಟು ಮಾರಿದವರೂ ಊಟ ಕೊಟ್ಟವರೂ ಡಬ್ಬಿ ಗುಡಿಸಿದವರೂ ಖಾಸಗಿಯವರ ಜನ. 2019ರಲ್ಲಿ ಉತ್ತರದಲ್ಲಿ ತೇಜಸ್ ಎಕ್ಸ್‌ಪ್ರೆಸ್ಸನ್ನು ರೈಲ್ವೆಯದೇ ಒಂದು ಕಂಪೆನಿಯ ಕೈಗೆ ಕೊಟ್ಟಾಗ ಅದರಲ್ಲಿ ನೌಕರರ ಪಾಸು ನಡೆಯದು ಎಂದು ಮೊದಲೇ ಹೇಳಿಬಿಟ್ಟಿದ್ದರು. ‘ಫಾರಿನ್ ರೈಲ್ವೆ’ ಬೇರೊಂದು ವೇಷದಲ್ಲಿ ತಿರುಗಿ ಬಂದಿದೆ ಎನ್ನೋಣವೇ?

ನಮ್ಮ ಕಳವಳ ಪಾಸುಳ್ಳವರ ಬಗ್ಗೆ ಅಷ್ಟಾಗಿ ಇಲ್ಲ. ಅವರಿಗೆ ಸಂಘ ಉಂಟು, ನಿಯಮಾವಳಿ ಉಂಟು. ಇಂದಿನ ರೈಲಿನಲ್ಲಿ ಕೆಲಸ ಮಾಡುವವರಲ್ಲಿ ಎಷ್ಟೋ ಮಂದಿ ರೈಲ್ವೆಯವರೇ ಅಲ್ಲ. ಓಡುವ ಗಾಡಿಯಲ್ಲಿ ಪಾಯಿಖಾನೆ ತೊಳೆಯುವ ಹುಡುಗ, ಏಸಿ ಡಬ್ಬಿಯಲ್ಲಿ ಹೊದಿಕೆ ಹಂಚುವವನು, ಚಾ ಮಾರುವವನು, ಪ್ಲಾಟ್‌ಫಾರ್ಮು ಗುಡಿಸುವ ಹೆಂಗಸು, ಇವರೆಲ್ಲ ಗುತ್ತಿಗೆಯವರು. ಗಾಡಿ ತುಂಬ ಇವರದೇ ಬೆವರು. ಆದರೆ ಇವರು ‘ಸ್ಟಾಫ್’ ಅಲ್ಲ. ಕೆಲಸದ ಗಾಡಿಯಲ್ಲಿ ಗುತ್ತಿಗೆದಾರನ ಚೀಟಿ ಹಿಡಿದು ಓಡಾಡುವ ಇವರು ರಜೆಯಲ್ಲಿ ಊರಿಗೆ ಹೋಗಬೇಕಾದರೆ ಜನರಲ್ ಟಿಕೇಟಿನ ಸಾಲಿನಲ್ಲಿ ನಿಲ್ಲಬೇಕು. 1986ರ ಪುಸ್ತಕದಲ್ಲಿ ಇವರ ಹೆಸರಿಲ್ಲ. ಬಾಯಿಮಾತಿನ ಮರ್ಯಾದೆಯಲ್ಲಿ ಇವರಿಗೆ ಸ್ಥಾನವಿಲ್ಲ. ಒಂದು ಕಾಲದಲ್ಲಿ ಗ್ಯಾಂಗ್‌ಮನ್ನನಿಗೆ ಕೈಕೊಟ್ಟು ಹತ್ತಿಸಿಕೊಂಡ ಆ ಗಾರ್ಡಿನ ಕನಿಕರ ಇಂದು ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲುತ್ತಿಲ್ಲ.

ಆಗಬೇಕಾದುದೇನು?

‘ಸ್ಟಾಫ್’ ಎಂದವರನ್ನೆಲ್ಲ ಇಳಿಸಿಬಿಡಿ ಎಂದು ಹೇಳುವುದಕ್ಕೆ ನಾವು ಹೊರಟಿಲ್ಲ. ಕೆಲಸದವರು ಕೆಲಸದವರಿಗೆ ತೋರುವ ವಿಶ್ವಾಸ ಹಣದಿಂದ ಬರುವಂಥದಲ್ಲ. ಗಾಡಿ ನಡುದಾರಿಯಲ್ಲಿ ನಿಂತರೆ, ಡ್ಯೂಟಿಯಲ್ಲಿ ಇಲ್ಲದಿದ್ದರೂ ಕೆಳಗಿಳಿದು ಕೈಹಾಕುವವರು ಇದೇ ‘ಸ್ಟಾಫ್’. ಆದರೆ ಅದಕ್ಕೆ ಒಂದು ಗೆರೆ ಬೇಕು. ಪಾಸು ಈಗ ಫೋನಿನಲ್ಲೇ ಸಿಗುವಾಗ ಅದನ್ನು ತೆಗೆದುಕೊಂಡು ಹತ್ತುವುದು ನೌಕರನಿಗೇ ಗೌರವ. ನಿಜವಾದ ತುರ್ತಿದ್ದರೆ 55ನೇ ಕಲಮು ತೆರೆದಿಟ್ಟ ಬಾಗಿಲಿನಿಂದಲೇ ಬರಲಿ. ಹಣ ಕೊಟ್ಟವನ ಸೀಟನ್ನು ಕೊಡದವನಿಗೆ ಬಿಟ್ಟುಕೊಡುವ ಹಕ್ಕು ಯಾವ ತಪಾಸಣೆಯವನಿಗೂ ಇಲ್ಲ ಎಂಬುದನ್ನು ಸಂಘಗಳೇ ತಮ್ಮವರಿಗೆ ಹೇಳಲಿ.

ಎರಡನೆಯದು, ಖಾಸಗಿಯವರಿಗೆ ಗಾಡಿ ಕೊಡುವ ಒಪ್ಪಂದದಲ್ಲಿ ಕೆಲಸದವರ ಪ್ರಯಾಣದ ವಿಷಯವನ್ನು ಮೊದಲೇ ಬರೆದಿಡಬೇಕು. ಯಾವ ಪಾಸು ನಡೆಯುತ್ತದೆ, ಯಾವುದು ನಡೆಯುವುದಿಲ್ಲ, ಗಾಡಿ ಮುಟ್ಟಿಸಿದವರು ಹಿಂದೆ ಬರುವುದು ಹೇಗೆ ಎಂಬುದು ಗಾಡಿ ಹೊರಟ ಮೇಲೆ ಮಾತಾಡುವ ಸಂಗತಿಯಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಗುಡಿಸುವ, ತೊಳೆಯುವ, ಹೊರುವ ಗುತ್ತಿಗೆಯ ಜನರಿಗೆ ವರ್ಷದಲ್ಲಿ ಒಂದು ಬಾರಿಯಾದರೂ ಊರಿಗೆ ಹೋಗಿ ಬರುವ ಟಿಕೇಟನ್ನು ಗುತ್ತಿಗೆಯ ಕರಾರಿನಲ್ಲೇ ಸೇರಿಸಬೇಕು. ವರ್ಷಕ್ಕೆ ಒಂದು ಸೆಟ್ ಎಂಬುದು ಹೊಸದಾಗಿ ಸೇರಿದ ನೌಕರನಿಗೆ ಸಿಗುವ ಅತಿ ಕಡಿಮೆ ಸವಲತ್ತು. ಅಷ್ಟನ್ನೂ ಇವರಿಗೆ ಕೊಡಲಾಗದು ಎಂದರೆ, ಬಾಯಿಮಾತಿನಲ್ಲಿ ದಿನಾ ಬಿಟ್ಟುಕೊಡುತ್ತಿರುವ ಸೀಟುಗಳ ಲೆಕ್ಕವನ್ನು ಮೊದಲು ಮುಂದಿಡಬೇಕಾದೀತು.

ಜೋಲಾರಪೇಟೆಯಲ್ಲಿ ಕಂಪೆನಿಗಳು ಗೆರೆ ಎಳೆದಾಗ ಆ ಗೆರೆಯನ್ನು ದಾಟಿಸಿದ್ದು ಕೆಲಸಗಾರರ ವಿಶ್ವಾಸ. ಈಗ ಎಳೆದಿರುವ ಗೆರೆ ಒಂದೇ ಗಾಡಿಯ ಒಳಗೆ, ಪಾಸುಳ್ಳವನಿಗೂ ಪೊರಕೆ ಹಿಡಿದವನಿಗೂ ನಡುವೆ ಇದೆ. ಅದನ್ನು ದಾಟಿಸುವುದಕ್ಕೆ ಬಾಯಿಮಾತು ಸಾಲದು. ಬರೆದ ಕಾಗದವೇ ಬೇಕು.